ಎಳ್ಳಿನ ಕೊಂಬುಹುಳು, ಜೇನುಗೂಡಿನ ಕಳ್ಳ

ಜೇನುಪೆಟ್ಟಿಗೆ ಇಟ್ಟುಕೊಂಡಿರುವ ನಮ್ಮ ಸದಸ್ಯರಲ್ಲಿ ಕೆಲವರಾದರೂ, ಪೆಟ್ಟಿಗೆಯ ಅಡಿಹಲಗೆ ಶುಚಿ ಮಾಡುವಾಗ ಅಲ್ಲಿ ಸತ್ತು ಬಿದ್ದಿರುವ ದೊಡ್ಡದೊಂದು ಪತಂಗವನ್ನು ಕಂಡಿರಬಹುದು. ಮೈ ಹೆಬ್ಬೆರಳಿನಷ್ಟು ದಪ್ಪ. ಹೊಟ್ಟೆಯ ಮೇಲೆ ಹಳದಿ ಮತ್ತು ಕಪ್ಪು ಪಟ್ಟೆಗಳು. ಬೆನ್ನ ಮೇಲೆ ಮನುಷ್ಯನ ತಲೆಬುರುಡೆಯನ್ನೇ ಬರೆದಿಟ್ಟಂತೆ ಒಂದು ಗುರುತು. ಜೀವಂತವಾಗಿ ಸಿಕ್ಕಿದ್ದನ್ನು ಹಿಡಿದರೆ ಇಲಿಮರಿಯಂತೆ ಕಿರಿಕಿರಿ ಎಂದು ಕೂಗುತ್ತದೆ. ಇದನ್ನು ಕಂಡು ಹೆದರುವವರುಂಟು. ಜೇನು ಸಂಸಾರಕ್ಕೆ ಕೇಡಾಯಿತೆಂದು ಪೆಟ್ಟಿಗೆಯ ಸುತ್ತ ಮದ್ದು ಹೊಡೆಯಲು ಹೊರಡುವವರೂ ಉಂಟು. ಎರಡೂ ಬೇಕಾಗಿಲ್ಲ. ಈ ಪತಂಗದ ಬದುಕನ್ನು ಮೊದಲಿನಿಂದ ಕೊನೆಯವರೆಗೆ ತಿಳಿದುಕೊಂಡರೆ, ಯಾವ ಹಂತದಲ್ಲಿ ಅದರಿಂದ ನಷ್ಟ, ಯಾವ ಹಂತದಲ್ಲಿ ಇಲ್ಲ, ಹತೋಟಿಗೆ ಎಷ್ಟು ಶ್ರಮ ಸಾಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಈ ವಿಷಯಕ್ಕೆ ನಾವು ಕಾಫಿ, ಅಡಿಕೆಯ ನಾಡಿನಿಂದ ಸ್ವಲ್ಪ ದೂರ, ಕಲಬುರಗಿಯ ಬಯಲಿಗೆ ಹೋಗಬೇಕಾಗುತ್ತದೆ. ಏಕೆಂದರೆ ನಾವು ಜೇನುಗೂಡಿನಲ್ಲಿ ಕಾಣುವ ಈ ಕಳ್ಳನ ಬಾಲ್ಯವನ್ನು ಅಲ್ಲಿಯ ರೈತರು ನಮಗಿಂತ ಚೆನ್ನಾಗಿ ಬಲ್ಲರು. ಅವರ ಪಾಲಿಗೆ ಇದು ಎಳ್ಳಿನ ಹುಳು.

ಯಾವ ಜಾತಿ?

ಇದು ಗಿಡುಗ ಪತಂಗಗಳ ಕುಟುಂಬಕ್ಕೆ ಸೇರಿದ್ದು. ಇಂಗ್ಲಿಷಿನವರು ಈ ಕುಟುಂಬವನ್ನು ಹಾಕ್ ಮಾತ್ ಎನ್ನುತ್ತಾರೆ. ಉದ್ದ ಕಿರಿದಾದ ರೆಕ್ಕೆ, ಕದಿರಿನಂತೆ ಹಿಂದಕ್ಕೆ ಚೂಪಾಗುವ ಮೈ, ಬಾಣ ಬಿಟ್ಟಂತೆ ಹಾರುವ ವೇಗ, ಇವು ಈ ಕುಟುಂಬದ ಗುರುತು. ತಲೆಬುರುಡೆಯ ಚಿಹ್ನೆ ಇರುವ ಪತಂಗಗಳು ಜಗತ್ತಿನಲ್ಲಿ ಮೂರೇ ಜಾತಿ. ಒಂದು ಯುರೋಪು ಮತ್ತು ಆಫ್ರಿಕದ್ದು. ಉಳಿದೆರಡು ನಮ್ಮ ಏಷ್ಯಾ ಖಂಡದವು, ಎರಡೂ ಕರ್ನಾಟಕದಲ್ಲಿವೆ. ಶಾಸ್ತ್ರೀಯ ಹೆಸರು ಅಕೆರಾನ್ಶಿಯ ಸ್ಟಿಕ್ಸ್ ಎಂಬುದು ಸ್ವಲ್ಪ ಚಿಕ್ಕದು. ಹಿಂದಿನ ರೆಕ್ಕೆ ಹಳದಿ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಅಕೆರಾನ್ಶಿಯ ಲ್ಯಾಕೆಸಿಸ್ ಎಂಬುದು ಇನ್ನೂ ದೊಡ್ಡದು, ಕಪ್ಪು ಹೆಚ್ಚು. ಹಿಂದಿನ ರೆಕ್ಕೆಯ ಬುಡದಲ್ಲಿ ದೊಡ್ಡ ಕಪ್ಪು ಮಚ್ಚೆ ಇರುತ್ತದೆ. ರೆಕ್ಕೆ ಬಿಡಿಸಿದರೆ ಈ ಪತಂಗಗಳು ನಾಲ್ಕರಿಂದ ಐದು ಇಂಚು ಅಗಲವಾಗುತ್ತವೆ.

ಹೆಸರುಗಳ ಅರ್ಥವನ್ನೂ ಹೇಳಬಹುದು. ನಮ್ಮಲ್ಲಿ ವೈತರಣಿ ಇರುವಂತೆ ಗ್ರೀಕರ ಪುರಾಣದಲ್ಲಿ ಸ್ಟಿಕ್ಸ್, ಅಕೆರಾನ್ ಎಂಬ ನದಿಗಳು ಸತ್ತವರ ಲೋಕದ ದಾರಿಯಲ್ಲಿವೆ. ಲ್ಯಾಕೆಸಿಸ್ ಎಂಬವಳು ಮನುಷ್ಯನ ಆಯುಸ್ಸಿನ ನೂಲನ್ನು ಅಳೆಯುವ ದೇವತೆ. ಬೆನ್ನ ಮೇಲಿನ ಗುರುತನ್ನು ಕಂಡು ಹೆಸರಿಟ್ಟ ಯುರೋಪಿನ ಪಂಡಿತರೂ ಹಳ್ಳಿಯವರಂತೆಯೇ ಹೆದರಿದ್ದರೆಂದು ಕಾಣುತ್ತದೆ. ಅಲ್ಲಿ ಈ ಪತಂಗ ಮನೆಯೊಳಗೆ ಬಂದರೆ ಸಾವಿನ ಸೂಚನೆ ಎಂದು ಬಹುಕಾಲ ನಂಬಿದ್ದರು. ವಾಸ್ತವದಲ್ಲಿ ಇದಕ್ಕೆ ಕೊಂಡಿಯಿಲ್ಲ, ವಿಷವಿಲ್ಲ, ಕಚ್ಚುವ ಬಾಯಿಯೂ ಇಲ್ಲ.

ನಮ್ಮ ನಾಡಿನಲ್ಲಿ ಈ ಕುಟುಂಬದ ಬಗ್ಗೆ ಹೆಚ್ಚಿನ ಕೆಲಸ ನಡೆದದ್ದು ಕಾರವಾರದಲ್ಲಿ. ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬವರು ಉತ್ತರ ಕನ್ನಡದ ಕಾಡುಗಳಲ್ಲಿ ಮರಿಹುಳುಗಳನ್ನು ಹುಡುಕಿ ತಂದು, ಮನೆಯಲ್ಲಿ ಸಾಕಿ, ಯಾವ ಹುಳು ಯಾವ ಎಲೆ ತಿನ್ನುತ್ತದೆ, ಯಾವ ಪತಂಗವಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಬರೆದಿಟ್ಟರು. ಸ್ಕಾಟ್ ಎಂಬವರೊಂದಿಗೆ ಅವರು ಬರೆದ ಗಿಡುಗ ಪತಂಗಗಳ ಗ್ರಂಥ 1937ರಲ್ಲಿ ಪ್ರಕಟವಾಯಿತು. ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದ ಬೆಲ್ 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಲಬುರಗಿಯ ಹೊಲದಲ್ಲಿ

ಕಲಬುರಗಿ ತೊಗರಿಯ ನಾಡು. ಕಪ್ಪು ಮಣ್ಣು, ವರ್ಷಕ್ಕೆ ಸುಮಾರು 750ರಿಂದ 800 ಮಿ.ಮೀ. ಮಳೆ. ನಮ್ಮ ಕಡೆ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯುವ ಊರುಗಳಿವೆ. ಮುಂಗಾರಿನಲ್ಲಿ ಅಲ್ಲಿ ತೊಗರಿಯ ಜೊತೆಗೆ ಹೆಸರು, ಉದ್ದು, ಎಳ್ಳು ಬಿತ್ತುತ್ತಾರೆ. ಎಳ್ಳಿನ ಗಿಡ ಮೊಣಕಾಲೆತ್ತರ ಬಂದು ಹೂ ಬಿಡುವ ಹೊತ್ತಿಗೆ ಈ ಹುಳು ಕಾಣಿಸಿಕೊಳ್ಳುತ್ತದೆ.

ಹೆಣ್ಣು ಪತಂಗ ರಾತ್ರಿಯ ವೇಳೆ ಎಲೆಯ ಅಡಿಭಾಗದಲ್ಲಿ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಗುಂಪಾಗಿ ಇಡುವುದಿಲ್ಲ. ಆದುದರಿಂದಲೇ ಹುಳುಗಳು ಹೊಲದ ತುಂಬ ಒಂದೊಂದಾಗಿ ಚದುರಿರುತ್ತವೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಹುಳು ನಾಲ್ಕು ಸಲ ಪೊರೆ ಬಿಟ್ಟು, ಐದನೆಯ ಹಂತದಲ್ಲಿ ನಾಲ್ಕೈದು ಇಂಚು ಉದ್ದಕ್ಕೆ, ಗಂಡಸಿನ ಬೆರಳಿನಷ್ಟು ದಪ್ಪಕ್ಕೆ ಬೆಳೆಯುತ್ತದೆ. ಬಣ್ಣ ಸಾಮಾನ್ಯವಾಗಿ ಹಸಿರು. ಹಳದಿ ಮತ್ತು ಕಂದು ಬಣ್ಣದವೂ ಇರುತ್ತವೆ. ಪಕ್ಕೆಯಲ್ಲಿ ಓರೆಯಾದ ಏಳು ಗೆರೆಗಳು. ಬಾಲದ ತುದಿಯಲ್ಲಿ ಗಂಟುಗಂಟಾದ, ತುದಿ ಮೇಲಕ್ಕೆ ಬಾಗಿದ ಒಂದು ಕೊಂಬು. ಈ ಕೊಂಬನ್ನು ಕಂಡು ಆಳುಗಳು ಹುಳುವನ್ನು ಮುಟ್ಟಲು ಹಿಂಜರಿಯುತ್ತಾರೆ. ಆದರೆ ಅದು ಬರೇ ತೋರಿಕೆ; ಚುಚ್ಚುವುದಿಲ್ಲ, ತುರಿಕೆಯೂ ಆಗುವುದಿಲ್ಲ. ಮುಟ್ಟಿದರೆ ಹುಳು ತಲೆ ಎತ್ತಿ, ದವಡೆ ಕಡಿದು ಚಟಚಟ ಸದ್ದು ಮಾಡುತ್ತದೆ.

ಕೊನೆಯ ಹಂತದ ಹುಳು ಬಕಾಸುರನಂತೆ ತಿನ್ನುತ್ತದೆ. ಒಂದೆರಡು ಹುಳು ಒಂದು ಗಿಡದ ಎಲೆಯನ್ನೆಲ್ಲ ಮುಗಿಸಿ ಬರೀ ಕಡ್ಡಿ ನಿಲ್ಲಿಸಬಲ್ಲವು. ಹಾಗಿದ್ದರೂ ಎಳ್ಳಿಗೆ ಇದು ಮುಖ್ಯ ಶತ್ರು ಎನ್ನಲಾಗದು. ಸುಳಿಯನ್ನೂ ಕಾಯಿಯನ್ನೂ ಹೆಣೆದು ತಿನ್ನುವ ಚಿಕ್ಕ ಎಲೆಸುತ್ತುವ ಹುಳುವಿನ ಹಾನಿಯೇ ಎಳ್ಳಿಗೆ ಹೆಚ್ಚು. ಕೊಂಬುಹುಳು ಕಣ್ಣಿಗೆ ದೊಡ್ಡದು, ಸಂಖ್ಯೆಯಲ್ಲಿ ಕಡಿಮೆ. ಕಣ್ಣಿಗೆ ಬೀಳುವ ಹುಳುವಿಗೆ ಮದ್ದು ಹೊಡೆದು, ಕಣ್ಣಿಗೆ ಬೀಳದ ಹುಳುವನ್ನು ಬಿಡುವ ತಪ್ಪು ಎಲ್ಲ ಬೆಳೆಗಳಲ್ಲೂ ನಡೆಯುತ್ತದೆ.

ಕಲಬುರಗಿಯ ರೈತರಿಗೆ ಈ ಪಾಠ ಕಷ್ಟದಿಂದ ಬಂದಿದೆ. 1997-98ರ ಸಾಲಿನಲ್ಲಿ ಅಲ್ಲಿಯ ತೊಗರಿಗೆ ಕಾಯಿಕೊರಕದ ಭಾರೀ ಹಾವಳಿಯಾಯಿತು. ಮತ್ತೆ ಮತ್ತೆ ಮದ್ದು ಹೊಡೆದರೂ ಹುಳು ಬಗ್ಗಲಿಲ್ಲ. ಮದ್ದಿನ ಸಾಲ ಮಾತ್ರ ಉಳಿಯಿತು. ಆ ಬಳಿಕ ಅನೇಕರು ಹಿರಿಯರ ಹಳೆಯ ಪದ್ಧತಿಗೆ ತಿರುಗಿದರು. ತೊಗರಿ ಗಿಡವನ್ನು ಬಗ್ಗಿಸಿ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಗೋ ಗೋಣಿಗೋ ಹುಳು ಉದುರಿಸಿ ಆರಿಸುವ ಕ್ರಮ ಅದು. ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ ಪ್ರಯೋಜನಕಾರಿ ಎಂದರು. ಎಳ್ಳಿನ ಕೊಂಬುಹುಳುವಿಗೆ ಅಲ್ಲಾಡಿಸುವುದು ಸಾಲದು, ಅದು ಕಡ್ಡಿಯನ್ನು ಇಕ್ಕಳದಂತೆ ಹಿಡಿದಿರುತ್ತದೆ. ಕೈಯಿಂದಲೇ ಬಿಡಿಸಬೇಕು. ಆದರೆ ಹುಳು ದೊಡ್ಡದಾದ್ದರಿಂದ ಆರಿಸುವುದು ಸುಲಭ.

ಮಣ್ಣಿನೊಳಗಿನ ಬದುಕು

ತಿಂದು ತಣಿದ ಹುಳು ಗಿಡದಿಂದಿಳಿದು ಸ್ವಲ್ಪ ದೂರ ಹರಿದಾಡಿ ಮಣ್ಣಿನೊಳಕ್ಕೆ ಇಳಿಯುತ್ತದೆ. ಅಲ್ಲಿ ಮಣ್ಣನ್ನು ಒತ್ತಿ ನಯವಾದ ಗುಳಿ ಮಾಡಿಕೊಂಡು, ರೇಷ್ಮೆಯ ಗೂಡು ಕಟ್ಟದೆಯೇ, ಹೊಳೆಯುವ ಕಂದು ಬಣ್ಣದ ಕೋಶವಾಗುತ್ತದೆ. ಮಳೆಗಾಲದ ಬೆಚ್ಚನೆಯ ದಿನಗಳಲ್ಲಿ ಎರಡು ಮೂರು ವಾರಗಳಲ್ಲಿ ಪತಂಗ ಹೊರಬರುತ್ತದೆ. ಚಳಿ ಬಿದ್ದರೆ ಕೋಶ ತಿಂಗಳುಗಟ್ಟಲೆ ಮಣ್ಣಿನಲ್ಲೇ ಉಳಿದು ಮುಂದಿನ ಹಂಗಾಮಿಗೆ ಕಾಯುತ್ತದೆ.

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ, ಬೀದರ ಸೀಮೆಯವರು ಮನೆಮಂದಿಯೊಂದಿಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಸಲ್ಲಿಸಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಹಬ್ಬದ ಆ ಹೊತ್ತಿನಲ್ಲಿ ಈ ಹುಳುವಿನ ಕೋಶವೂ ಅದೇ ಹೊಲದ ಮಣ್ಣಿನೊಳಗೆ ನಿದ್ದೆಯಲ್ಲಿರುತ್ತದೆ. ಬೆಳೆ ತೆಗೆದ ಮೇಲೆ ಹೊಲವನ್ನು ಆಳವಾಗಿ ಉತ್ತರೆ ಕೋಶಗಳು ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ, ನೇಗಿಲ ಹಿಂದೆಯೇ ಬರುವ ಗೊರವಂಕ, ಕಾಗೆ, ಬೆಳ್ಳಕ್ಕಿಗಳಿಗೆ ಆಹಾರವಾಗುತ್ತವೆ. ಮಾಗಿ ಉಳುಮೆಯ ಲಾಭಗಳಲ್ಲಿ ಇದೂ ಒಂದು.

ನಗರ ಮತ್ತು ಕಮಲಾಪುರ

ಪತಂಗ ದೀಪಕ್ಕೆ ಬರುತ್ತದೆ. ಆದ್ದರಿಂದ ಕಲಬುರಗಿಯಂಥ ನಗರದಲ್ಲಿ ಹೊಲವನ್ನೇ ನೋಡದವರಿಗೂ ಮಳೆಗಾಲದ ರಾತ್ರಿ ಬೀದಿದೀಪದ ಕಂಬದಲ್ಲೋ, ಜಗಲಿಯ ಗೋಡೆಯಲ್ಲೋ ಇದು ಕಾಣಸಿಗುವ ಜೀವಿ. ಮನೆಯಂಗಳದ ಮಲ್ಲಿಗೆ, ಬದನೆ, ಟೊಮೇಟೊ, ಖಾಲಿ ನಿವೇಶನದ ದತ್ತೂರಿ, ಲಂಟಾನ, ಇವೆಲ್ಲ ಇದರ ಮರಿಹುಳುವಿಗೆ ಆಹಾರ. ಹೀಗೆ ಊರಿನೊಳಗೂ ಬದುಕಿಕೊಳ್ಳಬಲ್ಲದು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಹೋದರೆ ಸಿಗುವ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಬಾಳೆಯಾಗಲಿ, ನಮ್ಮ ಅಡಿಕೆಯಾಗಲಿ ಈ ಹುಳುವಿನ ಆಹಾರವಲ್ಲ. ಹಾಗಾಗಿ ಅಲ್ಲಿಯ ಬಾಳೆ ತೋಟದವರಿಗೂ ನಮ್ಮ ಅಡಿಕೆ ತೋಟದವರಿಗೂ ಅನ್ವಯಿಸುವ ಮಾತು ಒಂದೇ: ತೋಟದ ಬದುವಿನಲ್ಲಿ ಕೊಂಬುಹುಳು ಕಂಡಿತೆಂದು ತೋಟದ ಬೆಳೆಗೆ ಮದ್ದು ಹೊಡೆಯಬೇಕಾಗಿಲ್ಲ. ಮೊದಲು ಹುಳು ಕೂತಿರುವ ಗಿಡ ಯಾವುದೆಂದು ನೋಡಬೇಕು.

ಜೇನುಗೂಡಿನಲ್ಲಿ ಮಾಡುವುದೇನು?

ಇತರ ಗಿಡುಗ ಪತಂಗಗಳಿಗೆ ಉದ್ದನೆಯ ಸೊಂಡಿಲಿದೆ. ಅವು ರಾತ್ರಿ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಮಕರಂದ ಹೀರುತ್ತವೆ, ಪರಾಗವನ್ನು ಸಾಗಿಸುತ್ತವೆ. ಪರಂಗಿ, ಆಕಾಶಮಲ್ಲಿಗೆಯಂಥ ಗಿಡಮರಗಳಿಗೆ ಅವುಗಳಿಂದ ಉಪಕಾರವಿದೆ. ತಲೆಬುರುಡೆ ಪತಂಗದ ಸೊಂಡಿಲು ಮಾತ್ರ ಮೋಟು, ದಪ್ಪ ಮತ್ತು ಗಟ್ಟಿ. ಆಳವಾದ ಹೂವಿಗೆ ಅದು ನಿಲುಕದು. ಆದರೆ ಜೇನು ಎರಿಯ ಮೇಣದ ಮುಚ್ಚಳ ತೂತು ಮಾಡಲು ಹೇಳಿ ಮಾಡಿಸಿದಂತಿದೆ. ರಾತ್ರಿ ಇದು ಪೆಟ್ಟಿಗೆಯ ಬಾಗಿಲಿನಿಂದ ನುಗ್ಗಿ, ನೇರವಾಗಿ ಎರಿಗೆ ಹೋಗಿ ಜೇನು ಕುಡಿಯುತ್ತದೆ.

ಸಾವಿರಾರು ಕಾವಲುಗಾರರ ನಡುವೆ ಇದು ಹೇಗೆ ಸಾಧ್ಯ? ಇದರ ಯುರೋಪಿನ ದಾಯಾದಿಯ ಮೇಲೆ ನಡೆದ ಪರೀಕ್ಷೆಯೊಂದು 1991ರಲ್ಲಿ ಉತ್ತರ ಕೊಟ್ಟಿತು. ಪತಂಗದ ಮೈಮೇಲಿನ ಕೆಲವು ಕೊಬ್ಬಿನಾಮ್ಲಗಳು ಜೇನುನೊಣದ ಮೈಮೇಲಿರುವವನ್ನೇ ಹೋಲುತ್ತವೆ. ಜೇನುನೊಣ ಕತ್ತಲಲ್ಲಿ ತನ್ನವರನ್ನು ವಾಸನೆಯಿಂದ ಗುರುತಿಸುತ್ತದೆ. ಮನೆಯವರ ವಾಸನೆ ಹೊತ್ತು ಬಂದವನನ್ನು ಕಾವಲುಗಾರ ತಡೆಯುವುದಾದರೂ ಹೇಗೆ? ಕಂಡುಹಿಡಿದು ಕುಟುಕಲು ಹೊರಟರೂ ದಪ್ಪ ಚರ್ಮವೂ ಒತ್ತಾದ ರೋಮವೂ ಒಂದಷ್ಟು ಕಾಪಾಡುತ್ತವೆ. ಎಲ್ಲ ಸಲವೂ ಕಳ್ಳನೇ ಗೆಲ್ಲುತ್ತಾನೆಂದಲ್ಲ. ಅಡಿಹಲಗೆಯ ಮೇಲೆ ಸಿಗುವ ಹೆಣ ಸೋತವನದು.

ಕೂಗಿನ ಗುಟ್ಟು ಇನ್ನೊಂದು. ಪತಂಗಕ್ಕೆ ನಮ್ಮಂತೆ ಗಂಟಲಿಲ್ಲ. ಬಾಯಿಯೊಳಗಿನ ಪುಟ್ಟ ಚೀಲವನ್ನು ಹಿಗ್ಗಿಸಿ ಗಾಳಿ ಎಳೆದಾಗ ಬಾಯಿಯ ದ್ವಾರದ ಬಳಿಯಿರುವ ತೆಳ್ಳನೆಯ ಪಟ್ಟಿ ಅದುರುತ್ತದೆ, ಹಾರ್ಮೋನಿಯಮ್ಮಿನ ರೀಡಿನಂತೆ. ಗಾಳಿ ಹೊರಗೆ ಬಿಟ್ಟಾಗ ಬೇರೊಂದು ಸಣ್ಣ ಸೀಟಿ ಕೇಳುತ್ತದೆ. ಜರ್ಮನಿಯ ಸಂಶೋಧಕರು ಇದರ ಚಲನೆಯನ್ನು ಚಿತ್ರೀಕರಿಸಿ 2015ರಲ್ಲಿ ಪ್ರಕಟಿಸಿದರು. ಹಿಡಿದವನನ್ನು ಬೆಚ್ಚಿಬೀಳಿಸಿ ಪಾರಾಗುವುದು ಈ ಕೂಗಿನ ಮುಖ್ಯ ಪ್ರಯೋಜನವೆಂದು ತೋರುತ್ತದೆ.

ಹಾರಾಟದ ಶಕ್ತಿಯೂ ಅಸಾಧಾರಣ. ಯುರೋಪಿನ ಜಾತಿಯ ಪತಂಗಗಳಿಗೆ ಪುಟ್ಟ ರೇಡಿಯೋ ಯಂತ್ರ ಅಂಟಿಸಿ, ಚಿಕ್ಕ ವಿಮಾನದಲ್ಲಿ ಹಿಂಬಾಲಿಸಿದ ವರದಿ 2022ರಲ್ಲಿ ಬಂದಿದೆ. ಆಲ್ಪ್ಸ್ ಪರ್ವತದ ಕಡೆಗೆ ಹೊರಟ ಪತಂಗಗಳು ಎದುರು ಗಾಳಿಯಲ್ಲೂ ದಾರಿ ತಪ್ಪದೆ, ಒಂದೇ ರಾತ್ರಿ ಸುಮಾರು 80 ಕಿ.ಮೀ. ಸಾಗಿದ್ದುಂಟು. ಇಷ್ಟಾದರೂ, ಕಲಬುರಗಿಯ ಪತಂಗವೇ ನಮ್ಮ ತೋಟಕ್ಕೆ ಹಾರಿ ಬರಬೇಕೆಂದಿಲ್ಲ. ನಮ್ಮ ಹಿತ್ತಿಲಿನ ಬದನೆ, ಬೇಲಿಯ ಲಂಟಾನ, ಕಾಫಿಯ ನೆರಳಿಗೆ ನೆಟ್ಟ ಹಾಲಿವಾಣ ಇವೂ ಇದನ್ನು ಸಾಕಬಲ್ಲವು.

ನಷ್ಟದ ಲೆಕ್ಕ

ಒಂದು ಪತಂಗದ ಇಡೀ ಮೈತೂಕವೇ ಕೆಲವು ಗ್ರಾಂ. ಒಂದು ಸಲಕ್ಕೆ ಅದು ಕುಡಿಯುವ ಜೇನು ಒಂದು ಚಮಚಕ್ಕಿಂತ ಕಡಿಮೆ. ಬಲವಾದ ಸಂಸಾರಕ್ಕೆ ಇದು ಲೆಕ್ಕಕ್ಕಿಲ್ಲ. ದುರ್ಬಲ ಸಂಸಾರಕ್ಕೆ ಮಾತ್ರ, ಮಳೆಗಾಲದ ಬರಗಾಲದಲ್ಲಿ ದಿನವೂ ಕಳ್ಳ ನುಗ್ಗಿದರೆ ತೊಂದರೆಯಾದೀತು. ನಮ್ಮ ತುಡುವೆ ಜೇನಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ವೈರಸ್ ರೋಗ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿತು. ಇದರ ಮುಂದೆ ಈ ಪತಂಗ ಕೇವಲ ಚಿಲ್ಲರೆ ಕಳ್ಳ.

ಕಳ್ಳನನ್ನು ಓಡಿಸಲು ಮದ್ದು ಹೊಡೆದರೆ ಆಗುವ ನಷ್ಟ ದೊಡ್ಡದು. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬಂದೇ ಕಾಯಿ ಕಟ್ಟಬೇಕು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೂ ಜೇನು ಓಡಾಡಿದ ತೋಟದಲ್ಲಿ ಕಾಯಿಕಚ್ಚುವಿಕೆ ಉತ್ತಮ. ಹೂಮಳೆ ಬಿದ್ದ ಬಳಿಕ ಕಾಫಿಯ ಹೂವು ಇರುವುದು ಎರಡು ಮೂರು ದಿನ ಮಾತ್ರ. ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ನೊಣ ತುಂಬಿರಬೇಕು. ಒಂದು ಚಮಚ ಜೇನು ಉಳಿಸಲು ಹೋಗಿ ವರ್ಷದ ಕಾಫಿ ಫಸಲನ್ನು ಪಣಕ್ಕಿಡುವುದು ಜಾಣತನವಲ್ಲ.

ಬೇರೆ ಹುಳುಗಳೊಂದಿಗೆ ಗೊಂದಲ ಬೇಡ

ಕಾಫಿ ಗಿಡದ ಮೇಲೆಯೇ ಕೊಂಬಿರುವ ಹಸಿರು ಹುಳು ಕಂಡರೆ ಅದು ಬೇರೆ ಜಾತಿ. ಅದರ ಪತಂಗ ಹಗಲಲ್ಲೇ ಹಾರುತ್ತದೆ. ರೆಕ್ಕೆ ಗಾಜಿನಂತೆ ಪಾರದರ್ಶಕ, ದೂರದಿಂದ ದೊಡ್ಡ ದುಂಬಿಯಂತೆ ಕಾಣುತ್ತದೆ. ಕಾಫಿಗೆ ಸಾಮಾನ್ಯವಾಗಿ ಅದರಿಂದ ಗಣನೀಯ ನಷ್ಟವಿಲ್ಲ. ಕೆಸು, ಸುವರ್ಣಗೆಡ್ಡೆಯ ಎಲೆ ತಿನ್ನುವ, ಪಕ್ಕೆಯಲ್ಲಿ ಕಣ್ಣಿನಂಥ ಚುಕ್ಕೆಗಳಿರುವ ಹುಳುವೂ, ಗೆಣಸು ಮತ್ತು ಉದ್ದಿನ ಮೇಲೆ ಬರುವ ಹುಳುವೂ ಇದೇ ಕುಟುಂಬದ ಬೇರೆ ಬೇರೆ ಜಾತಿಗಳು.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

1. ಜೇನುಪೆಟ್ಟಿಗೆಯ ಬಾಗಿಲಿನ ಎತ್ತರವನ್ನು ಸುಮಾರು 8 ಮಿ.ಮೀ.ಗೆ ಇಳಿಸಿರಿ. ತುಡುವೆ ನೊಣ ಸಲೀಸಾಗಿ ಓಡಾಡುತ್ತದೆ, ದಪ್ಪ ಮೈಯ ಪತಂಗ ನುಸುಳದು. ಒಂದು ಮರದ ಪಟ್ಟಿ ಹೊಡೆದರೆ ಸಾಕು, ಬೇರೆ ಖರ್ಚಿಲ್ಲ. ಪೆಟ್ಟಿಗೆಯ ಬಿರುಕುಗಳನ್ನೂ ಮುಚ್ಚಿರಿ.

2. ಪೆಟ್ಟಿಗೆಯ ಹತ್ತಿರ ರಾತ್ರಿಯಿಡೀ ದೀಪ ಉರಿಸಬೇಡಿ. ದೀಪಕ್ಕೆ ಬಂದ ಪತಂಗಕ್ಕೆ ಜೇನಿನ ವಾಸನೆಯ ದಾರಿ ನಾವೇ ತೋರಿಸಿದಂತಾಗುತ್ತದೆ.

3. ದುರ್ಬಲ ಸಂಸಾರಗಳಿಗೆ ಮಳೆಗಾಲದಲ್ಲಿ ಸಕ್ಕರೆ ಪಾನಕ ಕೊಟ್ಟು ಬಲಪಡಿಸಿರಿ. ಬಲವಾದ ಸಂಸಾರವೇ ಎಲ್ಲಕ್ಕಿಂತ ಒಳ್ಳೆಯ ಕಾವಲು.

4. ಎಳ್ಳು, ಬದನೆ, ಟೊಮೇಟೊ ಗಿಡದ ಕೆಳಗೆ ಕರಿಮೆಣಸಿನ ಕಾಳಿನಷ್ಟು ದಪ್ಪನೆಯ ಹಿಕ್ಕೆ ಬಿದ್ದಿದ್ದರೆ ನೇರ ಮೇಲೆ ನೋಡಿರಿ. ಹುಳು ಅಲ್ಲಿಯೇ ಇರುತ್ತದೆ. ಕೈಯಿಂದ ಬಿಡಿಸಿ ತೆಗೆಯಿರಿ. ಕೊಂಬಿಗೆ ಹೆದರಬೇಕಾಗಿಲ್ಲವೆಂದು ಆಳುಗಳಿಗೂ ತಿಳಿಸಿರಿ.

5. ಹುಳುವಿನ ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿದ್ದರೆ ಆ ಹುಳುವನ್ನು ಕೊಲ್ಲಬೇಡಿ. ಅವು ಪರೋಪಜೀವಿ ಕಣಜದ ಗೂಡುಗಳು. ಆ ಹುಳು ಹೇಗೂ ಉಳಿಯದು. ಹೊರಬರುವ ಕಣಜಗಳು ಇನ್ನಷ್ಟು ಹುಳುಗಳನ್ನು ಹುಡುಕಿ ಮುಗಿಸುತ್ತವೆ.

6. ತರಕಾರಿ ಮಡಿಯ ಮಣ್ಣನ್ನು ಬೆಳೆ ಮುಗಿದ ಮೇಲೆ ಅಗೆದು ಬಿಸಿಲಿಗೆ ಬಿಡಿ.

7. ಹುಳು ತೀರಾ ಹೆಚ್ಚಾಗಿ, ಆರಿಸಿ ಮುಗಿಯದಂತಾದರೆ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಹುಳು ಎಳೆಯದಿರುವಾಗಲೇ, ಸಂಜೆಯ ಹೊತ್ತು ಸಿಂಪಡಿಸಿರಿ. ಕಾಫಿ ಹೂ ಬಿಟ್ಟಿರುವಾಗ ತೋಟದ ಆಸುಪಾಸಿನಲ್ಲಿ ಯಾವ ಕೀಟನಾಶಕವನ್ನೂ ಹೊಡೆಯಬೇಡಿ.

ಕಲಬುರಗಿಯ ಎಳ್ಳು ಬೆಳೆಗಾರ ಹುಳುವನ್ನು ಬಲ್ಲ, ಆದರೆ ಅದು ಜೇನು ಕದಿಯುವುದನ್ನು ಕಂಡಿರಲಾರ. ನಮ್ಮ ಜೇನು ಸಾಕಣೆದಾರ ಪತಂಗವನ್ನು ಬಲ್ಲ, ಅದರ ಮರಿಹುಳುವನ್ನು ಕಂಡರೆ ಗುರುತು ಹಿಡಿಯಲಾರ. ಇಬ್ಬರ ತಿಳಿವಳಿಕೆ ಸೇರಿದರೆ ಈ ಜೀವಿಯ ಪೂರ್ತಿ ಚಿತ್ರ ಸಿಗುತ್ತದೆ. ಆಗ ಅದಕ್ಕೆ ಹಲಗೆಯ ಒಂದು ಪಟ್ಟಿ ಮತ್ತು ಎರಡು ಕೈಗಳಿಗಿಂತ ಹೆಚ್ಚಿನ ಆಯುಧ ಬೇಡವೆಂಬುದೂ ತಿಳಿಯುತ್ತದೆ. ಮುಂದಿನ ಹೂಮಳೆಗೆ ಮೊದಲು ಸದಸ್ಯರು ತಮ್ಮ ತಮ್ಮ ಪೆಟ್ಟಿಗೆಗಳ ಬಾಗಿಲನ್ನು ಒಮ್ಮೆ ಅಳೆದು ನೋಡಬೇಕಾಗಿ ಕೋರಿಕೆ.